ಎಪುಶ್ ಪರೀಕ್ಷೆಗೆ ಯಾವುದು ಆರಿಸ್ಕೊಳ್ಳೋದು: ಪುಸ್ತಕನಾ, ವಿಡಿಯೋನಾ, ಟ್ಯೂಷನ್ನಾ, ಹಳೇ ಪ್ರಶ್ನೆಗಳಾ?

ಪ್ರತಿ ವರ್ಷ ಆಗಸ್ಟ್ ಕೊನೆ ಬಂತು ಅಂದ್ರೆ ನಮಗೆ ಗೊತ್ತಿರೋ ಕನ್ನಡದ ಮನೆಗಳಿಂದ ಫೋನ್ ಶುರುವಾಗತ್ತೆ, "ಅಕ್ಕಾ, ಮಗ ಲೆವೆನ್ತ್‌ಗೆ ಬಂದ, ಎಪುಶ್ ತಗೊಂಡಿದಾನೆ, ಯಾವ ಬುಕ್ ಕೊಡಿಸ್ಲಿ, ಟ್ಯೂಷನ್ ಹಾಕ್ಲಾ ಬೇಡ್ವಾ" ಅಂತ. ನನ್ನ ಮಗಳು 2025ರ ಮೇ ತಿಂಗಳಲ್ಲಿ ಬರೆದ್ಲು, ಆ ಇಡೀ ವರ್ಷ ನಾನೂ ಅವಳ ಪಕ್ಕ ಕೂತು ಓದಿದೀನಿ, ಯಾವುದು ಉಪಯೋಗಕ್ಕೆ ಬಂತು ಯಾವುದರಲ್ಲಿ ದುಡ್ಡು ಟೈಮು ಎರಡೂ ಹೋಯ್ತು ಅನ್ನೋದು ಇನ್ನೂ ನೆನಪಲ್ಲಿದೆ, ಅದಕ್ಕೇ ಒಬ್ಬೊಬ್ಬರಿಗೂ ಅರ್ಧರ್ಧ ಹೇಳೋ ಬದಲು ಪೂರ್ತಿ ಬರೆದುಬಿಡೋಣ ಅಂತ ಕೂತೆ.

ಗೊತ್ತಿಲ್ದೇ ಇರೋರಿಗೆ, ಎಪುಶ್ ಅಂದ್ರೆ ಎಪಿ ಯುನೈಟೆಡ್ ಸ್ಟೇಟ್ಸ್ ಹಿಸ್ಟರಿ, ಎಪಿ ಅಂದ್ರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಹೈಸ್ಕೂಲಲ್ಲೇ ಕಾಲೇಜು ಮಟ್ಟದ ಅಮೆರಿಕದ ಇತಿಹಾಸ ಓದಿ ಮೇನಲ್ಲಿ ಕಾಲೇಜ್ ಬೋರ್ಡ್ ನಡೆಸೋ ಪರೀಕ್ಷೆ ಬರೆಯೋದು, 1ರಿಂದ 5ರ ತನಕ ಸ್ಕೋರು, ಜುಲೈನಲ್ಲಿ ರಿಸಲ್ಟು. ಸಿಲೆಬಸ್ 1491ರಿಂದ, ಅಂದ್ರೆ ಕೊಲಂಬಸ್ ಬರೋಕೆ ಒಂದು ವರ್ಷ ಮುಂಚಿನಿಂದ ಇವತ್ತಿನ ತನಕ, ಒಟ್ಟು 9 ಯುನಿಟ್ಟು.

ಯಾವ ಪುಸ್ತಕ ಅಂತ ಕೇಳೋಕೆ ಮುಂಚೆ ಪ್ರಶ್ನೆಪತ್ರಿಕೆ ಹೇಗಿರತ್ತೆ ಅಂತ ನೋಡ್ಲೇಬೇಕು, ಯಾಕಂದ್ರೆ ಆಯ್ಕೆ ಎಲ್ಲಾ ನಿಂತಿರೋದು ಅದರ ಮೇಲೆ. 3 ಗಂಟೆ 15 ನಿಮಿಷದ ಪರೀಕ್ಷೆ. ಮೊದಲು 55 ಮಲ್ಟಿಪಲ್ ಚಾಯ್ಸು, 55 ನಿಮಿಷ, ಅದಕ್ಕೆ ಶೇ. 40. ಆಮೇಲೆ 3 ಶಾರ್ಟ್ ಆನ್ಸರು, ಮಕ್ಕಳು ಎಸ್‌ಎಕ್ಯೂ ಅಂತಾರೆ, 40 ನಿಮಿಷ, ಶೇ. 20. ಆಮೇಲೆ ಡಿಬಿಕ್ಯೂ, 7 ಡಾಕ್ಯುಮೆಂಟ್ ಕೊಟ್ಟು ಅದನ್ನ ಇಟ್ಕೊಂಡು ವಾದ ಕಟ್ಟಿ ಪ್ರಬಂಧ ಬರೀರಿ ಅನ್ನೋದು, ಓದೋಕೆ ಕೊಡೋ 15 ನಿಮಿಷ ಸೇರಿ 60 ನಿಮಿಷ, ಶೇ. 25. ಕೊನೆಗೆ ಎಲ್‌ಇಕ್ಯೂ, ಡಾಕ್ಯುಮೆಂಟ್ ಇಲ್ಲದ ಪ್ರಬಂಧ, 40 ನಿಮಿಷ, ಶೇ. 15. ಕೂಡಿ ನೋಡಿ, ಬರೆಯೋದಕ್ಕೇ ಶೇ. 60 ಇದೆ. ಉಳಿದ ಮಲ್ಟಿಪಲ್ ಚಾಯ್ಸೂ ಅಷ್ಟೇ, ಬರೀ ಇಸವಿ ಕೇಳೋ ಪ್ರಶ್ನೆ ಬರಲ್ಲ, ಒಂದು ಪತ್ರದ ತುಣುಕೋ ಕಾರ್ಟೂನೋ ಮ್ಯಾಪೋ ಕೊಟ್ಟು ಅದರ ಮೇಲೆ ಮೂರು ನಾಲ್ಕು ಪ್ರಶ್ನೆ ಕೇಳ್ತಾರೆ. ತಪ್ಪು ಉತ್ತರಕ್ಕೆ ಮಾರ್ಕ್ ಕಳೆಯಲ್ಲ, ಅದಕ್ಕೆ ಒಂದೂ ಖಾಲಿ ಬಿಡ್ಬಾರದು.

ನಮ್ಮಂಥ ಅಪ್ಪ ಅಮ್ಮಂದಿರು ದಾರಿ ತಪ್ಪೋದು ಇಲ್ಲೇ. ನಾನು ತಿಪಟೂರಲ್ಲಿ ಕನ್ನಡ ಮೀಡಿಯಂ ಎಸ್ಸೆಸ್ಸೆಲ್ಸಿ, 1857ರ ದಂಗೆಗೆ ಕಾರಣಗಳು ಅಂದ್ರೆ ರಾಜಕೀಯ, ಆರ್ಥಿಕ, ಸೈನಿಕ, ಧಾರ್ಮಿಕ ಅಂತ ಪಾಯಿಂಟ್ ಪಾಯಿಂಟಾಗಿ ಬಾಯಿಪಾಠ ಮಾಡಿ ಬರೆದು ಬರ್ತಿದ್ವಿ, ಪಾಯಿಂಟ್ ಬಂದ್ರೆ ಮಾರ್ಕ್ ಬಂತು. ಇಲ್ಲಿ ಆ ನಾಲ್ಕು ಕಾರಣ ಗೊತ್ತಿರೋದು ಬರೀ ಶುರು. ನಾಲ್ಕರಲ್ಲಿ ಯಾವುದು ದೊಡ್ಡದು, ಯಾಕೆ, ನಿನ್ನ ಹತ್ರ ಏನು ಆಧಾರ ಇದೆ, ಬೇರೆಯವರು ಒಪ್ಪದೇ ಇದ್ರೆ ಯಾಕೆ ಒಪ್ಪಲ್ಲ, ಇದನ್ನ ಬರೆದ್ರೇ ಮಾರ್ಕು. ಹಂಗಾಗಿ "ಚೆನ್ನಾಗಿ ಓದು, ಎಲ್ಲಾ ನೆನಪಿಟ್ಕೋ" ಅಂತ ಹೇಳಿ ದಪ್ಪ ಪುಸ್ತಕ ಕೈಗೆ ಕೊಟ್ರೆ ಮಗು ನಿಜವಾಗ್ಲೂ ಕಷ್ಟಪಟ್ಟು ಓದತ್ತೆ, ಆದ್ರೂ ಪ್ರಬಂಧದಲ್ಲಿ ಮಾರ್ಕು ಸೋರಿ ಹೋಗತ್ತೆ.

ಮೊದಲನೇ ಆಯ್ಕೆ: ಎಪಿ ಬೇಕಾ, ಇಲ್ಲಾ ಬೇರೆ ದಾರಿನಾ

ಕೆಲವರಿಗೆ ಈ ಪ್ರಶ್ನೆನೇ ಬರಲ್ಲ, ಪಕ್ಕದ ಮನೆ ಮಗು ತಗೊಂಡಿದೆ ಅಂತ ನಮ್ಮದೂ ತಗೊಂಡಿರತ್ತೆ. ಸ್ವಲ್ಪ ನಿಂತು ಯೋಚನೆ ಮಾಡಿ. ಸಾಮಾನ್ಯವಾಗಿ ಮೂರು ದಾರಿ ಇರತ್ತೆ, ಸ್ಕೂಲಿನ ರೆಗ್ಯುಲರ್ ಅಥವಾ ಆನರ್ಸ್ ಯುಎಸ್ ಹಿಸ್ಟರಿ, ಎಪುಶ್, ಇಲ್ಲಾಂದ್ರೆ ಡ್ಯುಯಲ್ ಎನ್ರೋಲ್‌ಮೆಂಟ್ ಅಂದ್ರೆ ಕಮ್ಯುನಿಟಿ ಕಾಲೇಜಿನ ಕೋರ್ಸನ್ನ ಹೈಸ್ಕೂಲಲ್ಲಿದ್ದಾಗಲೇ ಮಾಡೋದು.

ಎಪಿಯಲ್ಲಿ ಕ್ರೆಡಿಟ್ಟು, ಅಂದ್ರೆ ಕಾಲೇಜಲ್ಲಿ ಆ ಕೋರ್ಸ್ ಆಗಲೇ ಮುಗಿದಿದೆ ಅನ್ನೋ ಲೆಕ್ಕ, ಒಂದೇ ದಿನದ ಪರೀಕ್ಷೆ ಮೇಲೆ ನಿಂತಿರತ್ತೆ, ಅವತ್ತು ಜ್ವರ ಬಂದ್ರೆ ಕಷ್ಟ. ಡ್ಯುಯಲ್ ಎನ್ರೋಲ್‌ಮೆಂಟಲ್ಲಿ ಇಡೀ ಸೆಮಿಸ್ಟರಿನ ಕೆಲಸ ನೋಡಿ ಗ್ರೇಡ್ ಕೊಡ್ತಾರೆ, ಪರೀಕ್ಷೆ ಅಂದ್ರೆ ಕೈ ನಡುಗೋ ಮಗುವಿಗೆ ಅದೇ ವಾಸಿ. ಆದ್ರೆ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿರಲ್ಲ, ಡ್ಯುಯಲ್ ಎನ್ರೋಲ್‌ಮೆಂಟಿನ ಗ್ರೇಡು ನಿಜವಾದ ಕಾಲೇಜ್ ಗ್ರೇಡು, ಅದು ಕಾಲೇಜ್ ಟ್ರಾನ್ಸ್‌ಕ್ರಿಪ್ಟಲ್ಲಿ ಶಾಶ್ವತವಾಗಿ ಉಳಿಯತ್ತೆ, ಮುಂದೆ ಮೆಡಿಕಲ್ ಸ್ಕೂಲಿಗೆ ಅಪ್ಲೈ ಮಾಡ್ದಾಗ ಹೈಸ್ಕೂಲಲ್ಲಿ ತಗೊಂಡ ಕಾಲೇಜ್ ಕೋರ್ಸಿನ ಗ್ರೇಡನ್ನೂ ಹಾಕ್ಲೇಬೇಕು. 16ನೇ ವಯಸ್ಸಲ್ಲಿ ಬಂದ ಒಂದು ಸಿ ಗ್ರೇಡು 22ನೇ ವಯಸ್ಸಲ್ಲಿ ಎದುರಿಗೆ ಬಂದು ನಿಲ್ಲತ್ತೆ. ಎಪಿಯಲ್ಲಿ ಸ್ಕೋರ್ ಕಮ್ಮಿ ಬಂದ್ರೆ ಎಷ್ಟೋ ಕಾಲೇಜುಗಳಿಗೆ ಕಳಿಸ್ದೇ ಸುಮ್ನಿರಬಹುದು.

ಕ್ರೆಡಿಟ್ ವಿಷಯ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್‌ನಲ್ಲಿರೋರಿಗೆ ಎಪುಶ್ ಬೆಲೆ ಜಾಸ್ತಿ, ಅಲ್ಲಿ ಸರ್ಕಾರಿ ಕಾಲೇಜಲ್ಲಿ ಯಾವ ಡಿಗ್ರಿ ಮಾಡಿದ್ರೂ, ಎಂಜಿನಿಯರಿಂಗ್ ಆದ್ರೂ ಸರಿ, 6 ಕ್ರೆಡಿಟ್ ಅವರ್ ಅಮೆರಿಕನ್ ಹಿಸ್ಟರಿ ಕಾನೂನಿನ ಪ್ರಕಾರ ಕಡ್ಡಾಯ, ಎಪಿ ಸ್ಕೋರು ಅದನ್ನ ತೀರಿಸೋಕೆ ನೆರವಾಗತ್ತೆ. ಬೇರೆ ಕಡೆ, ಅದರಲ್ಲೂ ದೊಡ್ಡ ಹೆಸರಿನ ಪ್ರೈವೇಟ್ ಯೂನಿವರ್ಸಿಟಿಗಳಲ್ಲಿ, 5 ಬಂದ್ರೂ ಕ್ರೆಡಿಟ್ ಸಿಗದೇ ಇರಬಹುದು. ಹಂಗಾಗಿ ನಿಮ್ಮ ಪಟ್ಟಿಯಲ್ಲಿರೋ ನಾಲ್ಕೈದು ಕಾಲೇಜಿನ ಎಪಿ ಕ್ರೆಡಿಟ್ ಪೇಜು ಒಂದ್ಸಲ ತೆಗೆದು ನೋಡಿ, ಅರ್ಧ ಗಂಟೆ ಕೆಲಸ.

ರೆಗ್ಯುಲರ್ ಕ್ಲಾಸ್ ತಗೊಂಡ್ರೆ ಅವಮಾನ ಅಂತ ದಯವಿಟ್ಟು ಅಂದ್ಕೋಬೇಡಿ. ಅದೇ ವರ್ಷ ಕ್ಯಾಲ್ಕುಲಸ್ಸು, ಕೆಮಿಸ್ಟ್ರಿ ಎರಡೂ ಎಪಿ ಇದ್ದು, ಮಗುಗೆ ಓದೋ ಸ್ಪೀಡು ಕಮ್ಮಿ ಇದ್ರೆ, ಎಪುಶ್ ಒಂದೇ ವಾರಕ್ಕೆ ಮೂವತ್ತು ನಲವತ್ತು ಪುಟ ಓದಿಸತ್ತೆ, ನಿದ್ದೆ ಹೋಗತ್ತೆ. ನಾನು ನೋಡಿದ ಹಾಗೆ ಎಪುಶ್‌ನಲ್ಲಿ ಖುಷಿಯಾಗಿ ಇರೋ ಮಕ್ಕಳು ಎರಡು ಥರ, ಕಥೆ ಓದೋ ಹುಚ್ಚಿರೋರು, ಮತ್ತೆ ವಾದ ಮಾಡೋ ಹುಚ್ಚಿರೋರು. ಎರಡೂ ಇಲ್ಲದೇ ಬರೀ ಟ್ರಾನ್ಸ್‌ಕ್ರಿಪ್ಟಿಗೋಸ್ಕರ ತಗೊಂಡ್ರೆ ಜನವರಿಗೆ ಸುಸ್ತಾಗಿರ್ತಾರೆ.

ಸರಿ ತಗೊಂಡಾಯ್ತು, ಏನಿಟ್ಕೊಂಡು ಓದೋದು

ಸ್ಕೂಲಲ್ಲಿ ಕೊಡೋ ದಪ್ಪ ಟೆಕ್ಸ್ಟ್‌ಬುಕ್ಕು, ಅಂಗಡಿಯಲ್ಲಿ ಸಿಗೋ ರಿವ್ಯೂ ಬುಕ್ಕು, ಇವೆರಡರಲ್ಲಿ ಯಾವುದು ಅಂದ್ರೆ, ವರ್ಷದ ಮಧ್ಯೆ ಟೆಕ್ಸ್ಟ್‌ಬುಕ್ಕು, ಮಾರ್ಚ್ ಆದ್ಮೇಲೆ ರಿವ್ಯೂ ಬುಕ್ಕು. ರಿವ್ಯೂ ಬುಕ್ಕನ್ನೇ ಸೆಪ್ಟೆಂಬರಿಂದ ಓದಿದ್ರೆ ಎಲ್ಲಾ ಗೆರೆ ಎಳೆದ ಪಾಯಿಂಟ್ ಥರ ಕಾಣತ್ತೆ, ಒಂದಕ್ಕೊಂದು ಸಂಬಂಧ ಗೊತ್ತಾಗಲ್ಲ. ಟೆಕ್ಸ್ಟ್‌ಬುಕ್ಕನ್ನೇ ಏಪ್ರಿಲಲ್ಲಿ ಮತ್ತೆ ಮೊದಲಿಂದ ಓದ್ತೀನಿ ಅಂದ್ರೆ ಸಿವಿಲ್ ವಾರ್ ಮುಟ್ಟೋ ಹೊತ್ತಿಗೆ ಪರೀಕ್ಷೆ ಬಂದಿರತ್ತೆ.

ಹಳೇ ರಿವ್ಯೂ ಬುಕ್ಕನ್ನ ಸೀನಿಯರ್ ಮಕ್ಕಳಿಂದ ತಗೊಳೋ ಅಭ್ಯಾಸ ನಮ್ಮಲ್ಲಿದೆ, ಒಳ್ಳೇದೇ, ದುಡ್ಡು ಉಳಿಯತ್ತೆ, ಆದ್ರೆ ಯಾವ ವರ್ಷದ ಎಡಿಷನ್ ಅಂತ ನೋಡಿ ತಗೊಳ್ಳಿ. 2023-24ರಿಂದ ಡಿಬಿಕ್ಯೂ ಮಾರ್ಕ್ ಕೊಡೋ ರೂಬ್ರಿಕ್, ಅಂದ್ರೆ ಯಾವುದಕ್ಕೆ ಎಷ್ಟು ಪಾಯಿಂಟ್ ಅನ್ನೋ ಪಟ್ಟಿ, ಬದಲಾಗಿದೆ. ಮುಂಚೆ ಡಾಕ್ಯುಮೆಂಟ್ ಎವಿಡೆನ್ಸಿನ ಪೂರ್ತಿ 2 ಪಾಯಿಂಟಿಗೆ 6 ಡಾಕ್ಯುಮೆಂಟ್ ಉಪಯೋಗಿಸ್ಬೇಕಿತ್ತು, ಈಗ 4 ಸಾಕು. ಡಾಕ್ಯುಮೆಂಟ್ ಯಾರು ಯಾಕೆ ಬರೆದ್ರು ಅಂತ ವಿವರಿಸೋ ಸೋರ್ಸಿಂಗ್ ಪಾಯಿಂಟಿಗೆ ಮುಂಚೆ 3, ಈಗ 2. ಹಳೇ ಪುಸ್ತಕ ನಂಬಿ ಓದಿದ ಮಗು ಆರೂ ಡಾಕ್ಯುಮೆಂಟ್ ತುರುಕೋಕೆ ಹೋಗಿ ಟೈಮ್ ಸಾಲದೇ ಎಲ್‌ಇಕ್ಯೂ ಅರ್ಧಕ್ಕೆ ಬಿಡತ್ತೆ. ಕಂಟೆಂಟ್ ಓದೋಕೆ ಹಳೇದು ಪರವಾಗಿಲ್ಲ, ರೂಬ್ರಿಕ್ ಪುಟ ಮಾತ್ರ ಹರಿದು ಹಾಕಿ. 2015ಕ್ಕೂ ಹಿಂದಿನ ಪುಸ್ತಕ ಆದ್ರೆ ಬೇಡವೇ ಬೇಡ, ಆಗ ಪರೀಕ್ಷೆನೇ ಬೇರೆ, 80 ಮಲ್ಟಿಪಲ್ ಚಾಯ್ಸು, ಒಂದೊಂದಕ್ಕೂ ಐದು ಆಪ್ಷನ್ನು ಇತ್ತು.

ವಿಡಿಯೋ ಬಗ್ಗೆ. ಖಾನ್ ಅಕಾಡೆಮಿಯಲ್ಲಿ ಇದೆ, ಕಾಲೇಜ್ ಬೋರ್ಡಿನ ಆನ್‌ಲೈನ್ ಸೈಟು ಎಪಿ ಕ್ಲಾಸ್‌ರೂಮ್ ಒಳಗೆ ಅವರದೇ ಎಪಿ ಡೈಲಿ ವಿಡಿಯೋಗಳಿವೆ, ಯೂಟ್ಯೂಬಲ್ಲಿ ಹಿಸ್ಟರಿ ಟೀಚರುಗಳು ಮಾಡಿರೋದು ಬೇಕಾದಷ್ಟಿದೆ, ಎಲ್ಲಾ ಫ್ರೀ. ಕ್ಲಾಸಲ್ಲಿ ಒಂದು ಟಾಪಿಕ್ ತಲೆಗೆ ಹೋಗ್ಲಿಲ್ಲ ಅಂದ್ರೆ, ಉದಾಹರಣೆಗೆ ಆಂಡ್ರೂ ಜ್ಯಾಕ್ಸನ್ ಬ್ಯಾಂಕ್ ಜೊತೆ ಯಾಕೆ ಜಗಳ ಆಡಿದ ಅನ್ನೋದು, ಹತ್ತು ನಿಮಿಷದ ವಿಡಿಯೋ ಐವತ್ತು ಪುಟಕ್ಕಿಂತ ವಾಸಿ. ಆದ್ರೆ ವಿಡಿಯೋದಲ್ಲಿ ಒಂದು ಮೋಸ ಇದೆ, ನೋಡ್ತಾ ನೋಡ್ತಾ ಎಲ್ಲಾ ಅರ್ಥ ಆಯ್ತು ಅನ್ಸತ್ತೆ, ಯಾಕಂದ್ರೆ ಅರ್ಥ ಮಾಡ್ಕೊಂಡಿರೋದು ಆ ಮೇಷ್ಟ್ರು, ಜೋಡಿಸಿರೋದೂ ಅವರೇ. ಮಗಳು ರಾತ್ರಿ ಎರಡು ಗಂಟೆ ಹೊತ್ತು ಅಂಥ ವಿಡಿಯೋ ನೋಡಿ ಬಂದು "ಯುನಿಟ್ 5 ಮುಗೀತಮ್ಮ" ಅಂದ್ಲು, ಸಿವಿಲ್ ವಾರ್ ಬರೋ ಯುನಿಟ್ಟು ಅದು. ನಾನು ದೋಸೆ ಹುಯ್ತಾ ಇದ್ದೆ, ಸುಮ್ನೆ ಕೇಳ್ದೆ, ಹಂಗಾದ್ರೆ ಹೇಳು, ದಕ್ಷಿಣದ ರಾಜ್ಯಗಳು ಯಾಕೆ ಬಿಟ್ಟು ಹೋದ್ವು? ಲಿಂಕನ್ ಗೆದ್ದಿದ್ದಕ್ಕೆ ಅಂದ್ಲು. ಲಿಂಕನ್ ಗುಲಾಮಗಿರಿ ತೆಗೀತೀನಿ ಅಂತ ಹೇಳಿ ಓಟು ಕೇಳಿದ್ನಾ? ಇಲ್ಲ, ಇರೋ ಕಡೆ ಮುಟ್ಟಲ್ಲ, ಹೊಸ ಪ್ರದೇಶಗಳಿಗೆ ಹರಡೋಕೆ ಬಿಡಲ್ಲ ಅಂದಿದ್ದ. ಮತ್ತೆ ಅದಕ್ಕೆ ಯಾಕೆ ಅಷ್ಟು ಭಯ? ಅಲ್ಲಿಗೆ ನಿಂತುಬಿಟ್ಲು.

ಆಮೇಲೆ ಇಬ್ರೂ ಕೂತು ಹಿಂದಕ್ಕೆ ಹೋದ್ವಿ. 1820ರ ಮಿಸ್ಸೂರಿ ಒಪ್ಪಂದದಲ್ಲಿ ಒಂದು ಗೆರೆ ಎಳೆದು ಇದರ ಮೇಲೆ ಬೇಡ ಕೆಳಗೆ ಆಗಲಿ ಅಂದ್ರು. 1846ರಿಂದ 48ರ ಮೆಕ್ಸಿಕೋ ಯುದ್ಧದಲ್ಲಿ ಅಷ್ಟಗಲ ಹೊಸ ನೆಲ ಬಂತು, ಈಗ ಅಲ್ಲಿ ಏನು ಮಾಡೋದು ಅನ್ನೋ ಜಗಳ ಶುರು, 1850ರಲ್ಲಿ ಮತ್ತೊಂದು ರಾಜಿ, 1854ರ ಕ್ಯಾನ್ಸಸ್ ನೆಬ್ರಾಸ್ಕಾ ಕಾಯ್ದೆ ಬಂದು ಅಲ್ಲಿನ ಜನರೇ ತೀರ್ಮಾನ ಮಾಡ್ಲಿ ಅಂತ ಹಳೇ ಗೆರೆನೇ ಅಳಿಸಿತು, 1857ರ ಡ್ರೆಡ್ ಸ್ಕಾಟ್ ತೀರ್ಪಲ್ಲಿ ಪ್ರದೇಶಗಳಲ್ಲಿ ಗುಲಾಮಗಿರಿ ತಡೆಯೋ ಅಧಿಕಾರನೇ ಕಾಂಗ್ರೆಸ್ಸಿಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳ್ತು. ಹೊಸ ರಾಜ್ಯಗಳೆಲ್ಲ ಗುಲಾಮಗಿರಿ ಇಲ್ಲದ ರಾಜ್ಯಗಳಾದ್ರೆ ಸೆನೆಟ್ಟಲ್ಲಿ ದಕ್ಷಿಣದ ಓಟು ಕಮ್ಮಿ ಆಗತ್ತೆ, ಇವತ್ತಲ್ಲ ನಾಳೆ ತಮ್ಮಲ್ಲಿಗೂ ಬರತ್ತೆ ಅನ್ನೋ ಲೆಕ್ಕ ಅವರದ್ದು. 1860ರ ನವೆಂಬರಲ್ಲಿ ಲಿಂಕನ್ ಗೆದ್ದ, ಡಿಸೆಂಬರ್ 20ಕ್ಕೆ ಸೌತ್ ಕ್ಯಾರೊಲಿನಾ ಹೊರಗೆ ನಡೀತು. ಈ ಸರಪಣಿಯನ್ನ ಅವಳೇ ಬಾಯಿಬಿಟ್ಟು ಹೇಳಿದ್ಮೇಲೆ ಮರೀಲಿಲ್ಲ. ಅಲ್ಲಿಂದ ನಮ್ಮನೇಲಿ ಒಂದು ನಿಯಮ ಆಯ್ತು, ವಿಡಿಯೋ ಮುಗಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ ಎರಡು ನಿಮಿಷ ನನಗೆ ಕನ್ನಡದಲ್ಲಿ ಹೇಳ್ಬೇಕು. ಅವಳ ಕನ್ನಡ ಅರ್ಧಂಬರ್ಧ, ಆದ್ರೆ ಬೇರೆ ಭಾಷೇಲಿ ಹೇಳೋಕೆ ಹೋದಾಗ ಟೆಕ್ಸ್ಟ್‌ಬುಕ್ಕಿನ ವಾಕ್ಯ ಕೈಗೆ ಬರಲ್ಲ, ವಿಷಯ ಗೊತ್ತಿದ್ರೆ ಮಾತ್ರ ಮಾತು ಬರತ್ತೆ. ನಿಮಗೆ ಅಮೆರಿಕದ ಇತಿಹಾಸ ಒಂದಕ್ಷರ ಗೊತ್ತಿಲ್ದಿದ್ರೂ ಪರವಾಗಿಲ್ಲ, "ಯಾಕೆ" ಅಂತ ಮೂರು ಸಲ ಕೇಳಿ ಸಾಕು.

ಫ್ಲ್ಯಾಶ್‌ಕಾರ್ಡ್ ಆ್ಯಪ್‌ಗಳು ಬಸ್ಸಲ್ಲಿ ಕೂತಾಗ ಆಗತ್ತೆ, ಹೆಸರು ಮತ್ತೆ ಕಾಯ್ದೆಗಳು ಬಾಯಿಗೆ ಬರೋಕೆ. ಅದಕ್ಕಿಂತ ಹೆಚ್ಚು ಅದರಿಂದ ನಿರೀಕ್ಷೆ ಮಾಡ್ಬೇಡಿ.

ನಾನು ಎಲ್ಲಕ್ಕಿಂತ ಮೇಲೆ ಇಡೋದು

ಕಾಲೇಜ್ ಬೋರ್ಡಿನ ಸೈಟಲ್ಲಿ ಹಿಂದಿನ ವರ್ಷಗಳ ಫ್ರೀ ರೆಸ್ಪಾನ್ಸ್ ಪ್ರಶ್ನೆಗಳು ಇವೆ, ದುಡ್ಡಿಲ್ಲ, ಲಾಗಿನ್ನೂ ಬೇಡ. ಪ್ರಶ್ನೆ ಮಾತ್ರ ಅಲ್ಲ, ಜೊತೆಗೆ ಮಾರ್ಕ್ ಹೇಗೆ ಕೊಟ್ರು ಅನ್ನೋ ಗೈಡ್‌ಲೈನು, ನಿಜವಾಗ್ಲೂ ಮಕ್ಕಳು ಬರೆದ ಉತ್ತರಗಳು, ಒಂದು ಚೆನ್ನಾಗಿರೋದು ಒಂದು ಮಧ್ಯಮ ಒಂದು ಕಮ್ಮಿ ಬಂದಿದ್ದು, ಪ್ರತಿಯೊಂದಕ್ಕೂ ಯಾಕೆ ಈ ಪಾಯಿಂಟ್ ಬಂತು ಯಾಕೆ ಬರ್ಲಿಲ್ಲ ಅನ್ನೋ ವಿವರಣೆ. ಇದಕ್ಕೆ ಸಮನಾದ್ದು ಯಾವ ಪುಸ್ತಕದಲ್ಲೂ ಯಾವ ಟ್ಯೂಷನ್ನಲ್ಲೂ ಸಿಗಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. 2023ಕ್ಕೆ ಹಿಂದಿನ ಡಿಬಿಕ್ಯೂ ಪ್ರಶ್ನೆಗಳನ್ನ ಬಳಸ್ಕೊಳ್ಳಿ, ಮಾರ್ಕ್ ಮಾತ್ರ ಹೊಸ ರೂಬ್ರಿಕ್ ಪ್ರಕಾರ ಹಾಕಿ.

ಡಿಬಿಕ್ಯೂಗೆ 7 ಪಾಯಿಂಟು. ಥೀಸಿಸ್ ಅಂದ್ರೆ ಇಡೀ ವಾದವನ್ನ ಒಂದೆರಡು ವಾಕ್ಯದಲ್ಲಿ ಹೇಳೋದಕ್ಕೆ 1, ಕಾಂಟೆಕ್ಸ್ಟ್ ಅಂದ್ರೆ ಹಿನ್ನೆಲೆಗೆ 1, ಡಾಕ್ಯುಮೆಂಟಿಂದ ಎವಿಡೆನ್ಸ್ 2, ಹೊರಗಿನ ಎವಿಡೆನ್ಸ್ 1, ಸೋರ್ಸಿಂಗ್ 1, ಕಾಂಪ್ಲೆಕ್ಸಿಟಿ ಅಂದ್ರೆ ವಿಷಯದ ಬೇರೆ ಬೇರೆ ಮುಖ ತೋರಿಸೋದಕ್ಕೆ 1. ಮಕ್ಕಳಿಗೆ ಕಷ್ಟ ಆಗೋದು ಥೀಸಿಸ್ಸು, ಅದು ಬರದೇ ಇದ್ರೆ ಉಳಿದಿದ್ದೂ ಅಲ್ಲಾಡತ್ತೆ. ಉದಾಹರಣೆಗೆ ನಾವು ಮನೇಲಿ ಮಾಡ್ಕೊಂಡಿದ್ದ ಒಂದು ಪ್ರಶ್ನೆ, 1865ರಿಂದ 1877ರ ರೀಕನ್‌ಸ್ಟ್ರಕ್ಷನ್ ಕಾಲದಲ್ಲಿ, ಅಂದ್ರೆ ಸಿವಿಲ್ ವಾರ್ ಮುಗಿದು ದಕ್ಷಿಣವನ್ನ ಮತ್ತೆ ಕಟ್ಟಿದ ಕಾಲದಲ್ಲಿ, ಬಿಡುಗಡೆ ಆದ ಕಪ್ಪು ಜನರ ಬದುಕು ಎಷ್ಟರ ಮಟ್ಟಿಗೆ ಬದಲಾಯ್ತು. ಮೊದಲ ಸಲ ಮಗಳು ಬರೆದಿದ್ದು, ಕೆಲವು ರೀತಿಯಲ್ಲಿ ಬದಲಾಯ್ತು ಕೆಲವು ರೀತಿಯಲ್ಲಿ ಬದಲಾಗ್ಲಿಲ್ಲ ಅಂತ. ಇದು ಯಾವ ಪ್ರಶ್ನೆಗೆ ಬೇಕಾದ್ರೂ ಅಂಟಿಸಬಹುದಾದ ವಾಕ್ಯ, ಇದಕ್ಕೆ ಪಾಯಿಂಟ್ ಬರಲ್ಲ.

ಆಗ ನಾನು ನಮ್ಮ ತಾತನ ಹೊಲದ ಕಥೆ ಹೇಳ್ದೆ. ನಮ್ಮ ತಾತ ಬೇರೆಯವರ ಜಮೀನನ್ನ ಕೋರಿಗೆ ಮಾಡ್ತಿದ್ರು, ಬೆಳೆದ ರಾಗಿಯಲ್ಲಿ ಅರ್ಧ ಜಮೀನ್ದಾರರ ಮನೆಗೆ, ಬೀಜಕ್ಕೆ ಸಾಲ, ಮದುವೆಗೆ ಸಾಲ, ಕಣದಲ್ಲಿ ಲೆಕ್ಕ ಹಾಕೋ ಹೊತ್ತಿಗೆ ಮನೆಗೆ ಬರೋದು ಎರಡು ಮೂಟೆ. ಯಾರ ಆಳೂ ಅಲ್ಲ, ಕಾಗದದಲ್ಲಿ ಸ್ವತಂತ್ರರೇ, ಆದ್ರೆ ಬಿಟ್ಟು ಹೋಗೋ ಹಾಗಿಲ್ಲ. ಅವಳು ತಟ್ಟನೆ, ಅಮ್ಮ ಇದು ಶೇರ್‌ಕ್ರಾಪಿಂಗ್ ಅಲ್ವಾ ಅಂದ್ಲು. ತಾತ ಗುಲಾಮರಾಗಿ ಹುಟ್ಟಿದೋರಲ್ಲ, ಅವರ ಮೇಲೆ ಅಲ್ಲಿ ನಡೆದಂಥ ಹಿಂಸೆ ನಡೀಲಿಲ್ಲ, ಆ ವ್ಯತ್ಯಾಸನೂ ಹೇಳ್ದೆ, ಆದ್ರೆ ಸಾಲ ಹೇಗೆ ಹಗ್ಗ ಆಗತ್ತೆ ಅನ್ನೋದು ಅವಳಿಗೆ ಅವತ್ತು ಕಂಡಿತು. ಮತ್ತೆ ಬರೆದಿದ್ದು ಹೀಗೆ: 13, 14, 15ನೇ ತಿದ್ದುಪಡಿಗಳು 1865, 1868, 1870ರಲ್ಲಿ ಬಂದು ಕಾನೂನಿನಲ್ಲಿ ಬಿಡುಗಡೆ, ಪೌರತ್ವ, ಗಂಡಸರಿಗೆ ಓಟು ಕೊಟ್ಟರೂ, ನೆಲ ಕೈಗೆ ಬಾರದೇ ಶೇರ್‌ಕ್ರಾಪಿಂಗ್ ಸಾಲದಲ್ಲಿ ಸಿಕ್ಕಿದ್ದರಿಂದ ಮತ್ತು 1877ರಲ್ಲಿ ಉತ್ತರದವರು ರಕ್ಷಣೆ ಕೈಬಿಟ್ಟಿದ್ದರಿಂದ ಆ ಹಕ್ಕುಗಳು ದಕ್ಷಿಣದಲ್ಲಿ ಉಳಿಯಲಿಲ್ಲ. ಇದು ಥೀಸಿಸ್ಸು. ಇದರಲ್ಲಿ ಯಾವ ಪ್ಯಾರಾದಲ್ಲಿ ಏನು ಬರತ್ತೆ ಅಂತ ಓದೋರಿಗೆ ಮೊದಲೇ ಗೊತ್ತಾಗತ್ತೆ. 1870ರಲ್ಲಿ ಮಿಸಿಸಿಪಿಯಿಂದ ಸೆನೆಟ್ಟಿಗೆ ಬಂದ ಮೊದಲ ಕಪ್ಪು ಸೆನೆಟರ್ ಹೈರಮ್ ರೆವೆಲ್ಸ್ ಹೊರಗಿನ ಎವಿಡೆನ್ಸ್ ಆಗ್ತಾನೆ, ಮುಂದೆ ಕಪ್ಪು ಬಿಳಿ ಜನರನ್ನ ಬೇರೆ ಬೇರೆ ಇಡೋದು ಸರಿ ಅಂದ 1896ರ ಪ್ಲೆಸ್ಸಿ ತೀರ್ಪಿಗೆ ತಂದು ಜೋಡಿಸಿದ್ರೆ ವಾದಕ್ಕೆ ಇನ್ನೂ ತೂಕ.

ದಿನಾ ಪೂರ್ತಿ ಪ್ರಬಂಧ ಬರೆಸೋಕೆ ಆಗಲ್ಲ, ಬೇಡ ಕೂಡ. ವಾರಕ್ಕೆರಡು ಸಲ 15 ನಿಮಿಷ ಇಟ್ಟು ಬರೀ ಥೀಸಿಸ್ ಮತ್ತೆ ಪ್ಯಾರಾಗಳ ಪ್ಲಾನು, ಎರಡು ವಾರಕ್ಕೊಂದ್ಸಲ ಟೈಮರ್ ಇಟ್ಟು ಪೂರ್ತಿ. ಬರೆದ ಮೇಲೆ ತಾನೇ ರೂಬ್ರಿಕ್ ಹಿಡ್ಕೊಂಡು ಮಾರ್ಕ್ ಹಾಕ್ಬೇಕು, ಆಮೇಲೆ ಸೈಟಲ್ಲಿರೋ ಮಕ್ಕಳ ಉತ್ತರದ ಪಕ್ಕ ಇಟ್ಟು ನೋಡ್ಬೇಕು. ಟೈಪ್ ಮಾಡಿನೇ ಅಭ್ಯಾಸ ಮಾಡಿಸಿ, 2025ರಿಂದ ಪರೀಕ್ಷೆ ಪೂರ್ತಿ ಕಾಲೇಜ್ ಬೋರ್ಡಿನ ಬ್ಲೂಬುಕ್ ಆ್ಯಪಲ್ಲಿ, ಕಾಗದ ಇಲ್ಲ. ಏಳು ಡಾಕ್ಯುಮೆಂಟ್ ಸ್ಕ್ರೀನಲ್ಲಿ ಓದೋದು ಕಾಗದದಲ್ಲಿ ಓದಿದ ಹಾಗಲ್ಲ, ಆ ಆ್ಯಪಲ್ಲೇ ಪ್ರಾಕ್ಟೀಸ್ ಇದೆ, ಒಂದೆರಡು ಸಲ ಕೂತು ನೋಡಿದ್ರೆ ಅವತ್ತು ಗಾಬರಿ ಇರಲ್ಲ.

ಟ್ಯೂಷನ್ ಹಾಕ್ಬೇಕಾ

ನಾವು ಅಕ್ಟೋಬರಲ್ಲಿ ಒಂದು ಸೆಂಟರಿಗೆ ಹಾಕಿದ್ವಿ, ಹೆಸರು ಬೇಡ. ವಾರಕ್ಕೆ ಎರಡು ಗಂಟೆ, ಹತ್ತು ಹನ್ನೆರಡು ಮಕ್ಕಳು, ಪ್ರತಿ ಸಲ ಮಲ್ಟಿಪಲ್ ಚಾಯ್ಸ್ ವರ್ಕ್‌ಶೀಟು, ಉತ್ತರ ಓದಿ ಹೇಳೋದು, ಮನೆಗೆ ಕಳಿಸೋದು. ಮೂರು ತಿಂಗಳಲ್ಲಿ ಒಂದೇ ಒಂದು ಪ್ರಬಂಧ ಬರೆಸಿದ್ರು, ಅದು ತಿದ್ದಿ ವಾಪಸ್ ಬರ್ಲೇ ಇಲ್ಲ. ನನಗೆ ಬೇಜಾರಾಗಿದ್ದು ದುಡ್ಡಿಗಲ್ಲ, ಮಗಳು ಅಲ್ಲಿ ಹೋಗ್ತಿದೀನಲ್ಲ ಅನ್ನೋ ಧೈರ್ಯದಲ್ಲಿ ಮನೇಲಿ ಬರೆಯೋದು ಬಿಟ್ಟಿದ್ಲು. ಜನವರಿಯಲ್ಲಿ ಬಿಡಿಸಿದ್ವಿ.

ಹಂಗಂತ ಟ್ಯೂಷನ್ನೇ ದಂಡ ಅಂತ ಹೇಳಲ್ಲ. ಸೇರಿಸೋಕೆ ಮುಂಚೆ ಒಂದೇ ಪ್ರಶ್ನೆ ಕೇಳಿ, ನನ್ನ ಮಗು ಬರೆದ ಡಿಬಿಕ್ಯೂನ ನೀವು ಓದಿ, ರೂಬ್ರಿಕ್ ಪ್ರಕಾರ ಕಾಮೆಂಟ್ ಬರೆದು ವಾಪಸ್ ಕೊಡ್ತೀರಾ, ಎಷ್ಟು ದಿನದಲ್ಲಿ? ಹೌದು ಅಂದ್ರೆ, ಗುಂಪಿನ ಕ್ಲಾಸಿಗಿಂತ ತಿಂಗಳಿಗೆರಡು ಸಲ ಒಬ್ಬರ ಹತ್ರ ಕೂರೋದು ವಾಸಿ. ಅದಕ್ಕೂ ಮುಂಚೆ ಸ್ಕೂಲಿನ ಟೀಚರನ್ನೇ ಕೇಳಿ, ಊಟದ ಹೊತ್ತಲ್ಲೋ ಸ್ಕೂಲ್ ಬಿಟ್ಟ ಮೇಲೋ ಬಂದ್ರೆ ಪ್ರಬಂಧ ನೋಡ್ತೀನಿ ಅನ್ನೋ ಟೀಚರು ತುಂಬಾ ಜನ ಇದಾರೆ, ನಮ್ಮ ಮಕ್ಕಳು ಸಂಕೋಚಕ್ಕೆ ಹೋಗಲ್ಲ. ಎಪಿ ಕ್ಲಾಸ್‌ರೂಮಲ್ಲಿರೋ ಪ್ರೋಗ್ರೆಸ್ ಚೆಕ್‌ಗಳನ್ನ ತೆರೆಯೋದೂ ಟೀಚರ್ ಕೈಯಲ್ಲೇ ಇದೆ, ಮಲ್ಟಿಪಲ್ ಚಾಯ್ಸ್ ಅಭ್ಯಾಸಕ್ಕೆ ಅದಕ್ಕಿಂತ ಪರೀಕ್ಷೆಗೆ ಹತ್ತಿರದ್ದು ಇಲ್ಲ.

ಎಐ ಚಾಟ್‌ಗಳನ್ನ ಈಗ ಎಲ್ಲಾ ಮಕ್ಕಳೂ ಬಳಸ್ತಾರೆ. ರೂಬ್ರಿಕ್ ಕೊಟ್ಟು, ನಾನು ಬರೆದಿದ್ದರಲ್ಲಿ ಯಾವ ಪಾಯಿಂಟ್ ಬಿಟ್ಟೋಗಿದೆ ಅಂತ ಕೇಳೋದು ಸರಿ. ಬರೆಸ್ಕೊಳ್ಳೋದು ಬೇಡ, ಪರೀಕ್ಷೆಯಲ್ಲಿ ಅದು ಇರಲ್ಲ, ಮತ್ತೆ ಇಲ್ಲದ ಕೋಟ್‌ನ ಇದೆ ಅಂತ ಧೈರ್ಯವಾಗಿ ಹೇಳೋದನ್ನ ನಾವೇ ನೋಡಿದೀವಿ.

ಪರೀಕ್ಷೆ ಒಳಗೂ ಆಯ್ಕೆ ಇದೆ

ಇದನ್ನ ಮೊದಲೇ ತಿಳ್ಕೊಂಡ್ರೆ ಓದೋದು ಹಗುರ ಆಗತ್ತೆ. ಎಸ್‌ಎಕ್ಯೂನಲ್ಲಿ ಮೊದಲೆರಡು ಕಡ್ಡಾಯ, ಎರಡೂ 1754ರಿಂದ 1980ರ ಒಳಗಿನದು. ಮೂರನೇದಕ್ಕೆ ಆಯ್ಕೆ, ಒಂದು 1491ರಿಂದ 1877, ಇನ್ನೊಂದು 1865ರಿಂದ 2001. ಎಲ್‌ಇಕ್ಯೂನಲ್ಲಿ ಮೂರರಲ್ಲಿ ಒಂದು, 1491ರಿಂದ 1800, 1800ರಿಂದ 1898, 1890ರಿಂದ 2001. ಡಿಬಿಕ್ಯೂಗೆ ಆಯ್ಕೆ ಇಲ್ಲ, ಅದೂ 1754ರಿಂದ 1980. ಮಲ್ಟಿಪಲ್ ಚಾಯ್ಸಲ್ಲಿ ಯುನಿಟ್ 1ಕ್ಕೆ ಶೇ. 4ರಿಂದ 6, ಯುನಿಟ್ 2ಕ್ಕೆ 6ರಿಂದ 8, ಕೊನೇ ಯುನಿಟ್ 9ಕ್ಕೆ ಮತ್ತೆ 4ರಿಂದ 6, ಮಧ್ಯದ ಆರು ಯುನಿಟ್ಟಿಗೆ ಒಂದೊಂದಕ್ಕೂ 10ರಿಂದ 17. ಅಂದ್ರೆ ಸೆಪ್ಟೆಂಬರಲ್ಲಿ ಹುರುಪಿಂದ ಕೊಲಂಬಸ್ಸು, ಸ್ಪೇನಿನವರು ಮೂಲನಿವಾಸಿಗಳನ್ನ ದುಡಿಸ್ಕೊಂಡ ಎನ್ಕೊಮಿಯೆಂಡಾ ಪದ್ಧತಿ ಅಂತ ಬಣ್ಣಬಣ್ಣದ ನೋಟ್ಸ್ ಮಾಡಿ, ಏಪ್ರಿಲಲ್ಲಿ ನ್ಯೂ ಡೀಲು, ಕೋಲ್ಡ್ ವಾರು, ಸಿವಿಲ್ ರೈಟ್ಸ್ ಓಡ್ಸೋದು ತಲೆಕೆಳಗಾದ ಲೆಕ್ಕ.

ಎಲ್‌ಇಕ್ಯೂಗೆ ಕೊನೇ ಕಾಲಘಟ್ಟ ಆರಿಸ್ಕೊಳ್ಳೋ ನಮ್ಮ ಮಕ್ಕಳಿಗೆ ಒಂದು ವಿಷಯ ಮನೆಯಲ್ಲೇ ಸಿಗತ್ತೆ, ವಲಸೆ. 1917ರ ಕಾಯ್ದೆ ಭಾರತವೂ ಸೇರಿ ಏಷ್ಯಾದ ದೊಡ್ಡ ಭಾಗದ ಜನ ಬರೋದನ್ನೇ ನಿಲ್ಲಿಸಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್, ಅಮೆರಿಕದ ಸೈನ್ಯದಲ್ಲಿದ್ದೋರು, ಪೌರತ್ವ ಕೇಳಿದ್ರೆ ಕಾನೂನಿನ ಅರ್ಥದಲ್ಲಿ ನೀನು ಬಿಳಿಯ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳ್ತು. 1946ರಲ್ಲಿ ಲೂಸ್ ಸೆಲ್ಲರ್ ಕಾಯ್ದೆ ಬಂದು ಭಾರತದಿಂದ ವರ್ಷಕ್ಕೆ 100 ಜನ ಅಂತ ಆಯ್ತು, ಪೌರತ್ವಕ್ಕೂ ದಾರಿ ಆಯ್ತು. 1956ರಲ್ಲಿ ದಲೀಪ್ ಸಿಂಗ್ ಸೌಂದ್ ಕ್ಯಾಲಿಫೋರ್ನಿಯಾದಿಂದ ಕಾಂಗ್ರೆಸ್ಸಿಗೆ ಗೆದ್ರು. 1965ರ ಅಕ್ಟೋಬರ್ 3ರಂದು ಲಿಬರ್ಟಿ ಪ್ರತಿಮೆ ಕೆಳಗೆ ಪ್ರೆಸಿಡೆಂಟ್ ಜಾನ್ಸನ್ ಸಹಿ ಹಾಕಿದ ಕಾಯ್ದೆ ದೇಶವಾರು ಹಳೇ ಕೋಟಾ ತೆಗೆದುಹಾಕ್ತು, ಅದಾದ ಮೇಲೇ ನಮ್ಮ ಕಡೆಯ ಡಾಕ್ಟರು ಎಂಜಿನಿಯರುಗಳು ಬರೋಕೆ ಶುರು ಆಗಿದ್ದು. ಮಗಳು ಇದನ್ನ ಓದಿ, ನಮ್ಮನೆಯವರ ದೊಡ್ಡಪ್ಪ 1971ರಲ್ಲಿ ಬಂದಿದ್ದು ಯಾಕೆ, 1951ರಲ್ಲಿ ಯಾರೂ ಯಾಕೆ ಬರ್ಲಿಲ್ಲ ಅಂತ ತಾನೇ ಕೇಳಿ ತಾನೇ ಉತ್ತರ ಹೇಳಿದ್ಲು. ಅವರಿಗೆ ಫೋನ್ ಮಾಡಿ ಒಂದು ಗಂಟೆ ಮಾತಾಡಿದ್ಲು ಕೂಡ. ಮನೇಲಿ ಹಾಗೆ ಮೊದಲು ಬಂದ ಹಿರಿಯರಿದ್ರೆ ಮಾತಾಡ್ಸಿ, ಪರೀಕ್ಷೆಗೂ ಆಯ್ತು, ಮಕ್ಕಳಿಗೆ ಈ ದೇಶದ ಇತಿಹಾಸದಲ್ಲಿ ತಮ್ಮ ಜಾಗ ಎಲ್ಲಿದೆ ಅಂತನೂ ಕಾಣತ್ತೆ.

ಎಷ್ಟು ದಿನ ಉಳಿದಿದೆ ಅನ್ನೋದರ ಮೇಲೆ

ವರ್ಷ ಪೂರ್ತಿ ಇದ್ರೆ ಟೆಕ್ಸ್ಟ್‌ಬುಕ್ಕು, ಅರ್ಥ ಆಗದೇ ಇದ್ದಾಗ ವಿಡಿಯೋ, ನವೆಂಬರಿಂದ ಬರವಣಿಗೆ. ಪರೀಕ್ಷೆ ಫೀಸು ಸುಮಾರು 100 ಡಾಲರು, ಸ್ಕೂಲು ನವೆಂಬರ್ ಮಧ್ಯದೊಳಗೆ ಆರ್ಡರ್ ಮಾಡತ್ತೆ, ತಡ ಆದ್ರೆ ಎಕ್ಸ್‌ಟ್ರಾ ಕೊಡ್ಬೇಕು, ಫೀಸು ಕಷ್ಟ ಇರೋ ಮನೆಗಳಿಗೆ ರಿಯಾಯಿತಿ ಇದೆ, ಕೌನ್ಸೆಲರನ್ನ ಕೇಳೋಕೆ ಸಂಕೋಚ ಬೇಡ. ಆರು ವಾರ ಇದ್ರೆ ಟೆಕ್ಸ್ಟ್‌ಬುಕ್ ಎತ್ತಿಡಿ, ರಿವ್ಯೂ ಬುಕ್ಕಲ್ಲಿ ಯುನಿಟ್ 3ರಿಂದ 8, ವಾರಕ್ಕೊಂದು ಯುನಿಟ್ಟು ಒಂದು ಪೂರ್ತಿ ಪ್ರಬಂಧ. ಹತ್ತೇ ದಿನ ಉಳಿದಿದ್ರೆ ಹೊಸದಾಗಿ ಏನೂ ಓದ್ಬೇಡಿ, ಐದು ಹಳೇ ಡಿಬಿಕ್ಯೂ ತಗೊಂಡು ಪ್ಲಾನ್ ಮಾತ್ರ ಬರೀರಿ, ಒಂದು ಪೂರ್ತಿ ಟೈಮರ್ ಇಟ್ಟು, ಉಳಿದ ಹೊತ್ತು ಮಲ್ಟಿಪಲ್ ಚಾಯ್ಸು, ರಾತ್ರಿ ನಿದ್ದೆ.

ನ್ಯೂಯಾರ್ಕ್ ಕಡೆ ಇರೋರು ಆ ರಾಜ್ಯದ ಹೈಸ್ಕೂಲ್ ಪರೀಕ್ಷೆ ರೀಜೆಂಟ್ಸ್ ಬಗ್ಗೆನೂ ಕೇಳ್ತಾರೆ. ಅದು ಬೇರೆ, 3 ಗಂಟೆ, 28 ಮಲ್ಟಿಪಲ್ ಚಾಯ್ಸು, ಎರಡು ಚಿಕ್ಕ ಪ್ರಬಂಧ, ಕೊನೇಲಿ ಡಾಕ್ಯುಮೆಂಟ್ ಇಟ್ಕೊಂಡು ಸಿವಿಕ್ ಲಿಟರಸಿ ಪ್ರಬಂಧ, ಪಾಸಾಗೋಕೆ 65. ಅಲ್ಲಿ ಸಂವಿಧಾನ, ತಿದ್ದುಪಡಿ, ಸುಪ್ರೀಂ ಕೋರ್ಟ್ ತೀರ್ಪುಗಳ ಕಡೆ ಗಮನ ಜಾಸ್ತಿ ಕೊಡಿ. ಎಪುಶ್‌ಗೆ ನಿಜವಾಗ್ಲೂ ತಯಾರಾದ ಮಗುವಿಗೆ ರೀಜೆಂಟ್ಸ್‌ಗೆ ಒಂದೆರಡು ವಾರ ಹಳೇ ಪೇಪರ್ ಬಿಡಿಸಿದ್ರೆ ಸಾಕು.

ನನ್ನ ಮಗಳ ರಿವ್ಯೂ ಬುಕ್ಕು ಮನೇಲೇ ಇದೆ, 2024ರ ಎಡಿಷನ್ನು, ಹೊಸ ರೂಬ್ರಿಕ್ಕಿನದೇ. ಯುನಿಟ್ 5ರ ಅಂಚಲ್ಲಿ ಪೂರ್ತಿ ಪೆನ್ಸಿಲಲ್ಲಿ "ಯಾಕೆ? ಯಾಕೆ?" ಅಂತ ಬರೆದಿದಾಳೆ, ಅಳಿಸಿಲ್ಲ. ಈ ವರ್ಷ ಯಾರ ಮನೆ ಮಗು ಬರೀತಿದ್ಯೋ ಬಂದು ತಗೊಂಡು ಹೋಗಿ, ಮೇ ಆದ್ಮೇಲೆ ಮುಂದಿನವರಿಗೆ ಕೊಡಿ.